ಸ್ಟೆಟಿಂಡ್: ಎರಡು ಸಲ ಹೋಗಿ ಒಂದು ಸಲ ಹತ್ತಿದ್ದು

ಕಾರು ನಿಲ್ಲಿಸಿದಾಗ ನನ್ನ ವಾಚ್ ತೋರಿಸಿದ ಎತ್ತರ 6 ಮೀಟರ್. ರಸ್ತೆಯ ಆಚೆ ಸ್ಟೆಫ್ಯೂರ್ಡ್‌ನ ಉಪ್ಪುನೀರು, ಈಚೆ ಬರ್ಚ್ ಮರಗಳು. ಮರಗಳ ಮೇಲೆ ನುಣ್ಣಗೆ, ಬೋಳಾಗಿ ಎದ್ದು ನಿಂತ ಸ್ಟೆಟಿಂಡ್, 1392 ಮೀಟರ್.

ಮೊದಲ ಸಲ ಬಂದಾಗ ಈ ಸಂಖ್ಯೆ ನೋಡಿ 'ಇಷ್ಟೇನಾ' ಅಂದುಕೊಂಡಿದ್ದೆ. ನಮ್ಮ ಮುಳ್ಳಯ್ಯನಗಿರಿಯೇ 1930 ಮೀಟರ್ ಇದೆ ಅಲ್ವಾ? ಆದರೆ ಅಲ್ಲಿ ಮುಕ್ಕಾಲು ಪಾಲು ಎತ್ತರವನ್ನು ಗಾಡಿಯೇ ಹತ್ತಿಸಿಬಿಡುತ್ತದೆ. ಹಿಮನದಿ ಕೊರೆದ ಕಣಿವೆಗೆ ಸಮುದ್ರ ನುಗ್ಗಿದರೆ ಅದು ಫ್ಯೂರ್ಡ್. ಇಲ್ಲಿ ಬೆಟ್ಟ ನೀರಿನಂಚಿನಿಂದಲೇ ಶುರು. ಒಂದು ಮೀಟರ್ ಕೂಡ ರಿಯಾಯಿತಿ ಸಿಗುವುದಿಲ್ಲ.

ಇದಿರುವುದು ನಾರ್ವೆಯ ಉತ್ತರಕ್ಕೆ, ಆರ್ಕ್‌ಟಿಕ್ ವೃತ್ತ ದಾಟಿದ ಮೇಲೆ, ಟೀಸ್‌ಫ್ಯೂರ್ಡ್ ಸೀಮೆಯಲ್ಲಿ. ಇಲ್ಲಿನ ಮೂಲನಿವಾಸಿಗಳಾದ ಸಾಮಿ ಜನ ಇದನ್ನು ಸ್ಟಾದ್ದಾ ಅನ್ನುತ್ತಾರೆ. 2002ರಲ್ಲಿ ರೇಡಿಯೋ ಕೇಳುಗರು ಮತ ಹಾಕಿ ಇದನ್ನೇ ನಾರ್ವೆಯ ರಾಷ್ಟ್ರೀಯ ಬೆಟ್ಟ ಅಂತ ಆರಿಸಿದರು. ನೀರಿನ ಕಡೆಯಿಂದ ನೋಡಿದರೆ ಥೇಟ್ ಕಮ್ಮಾರನ ಅಡಿಗಲ್ಲು. ಸುತ್ತ ಕಡಿದ ಗೋಡೆ, ಮೇಲೆ ಮಟ್ಟಸ.

ನಾವು ಮೂವರು. ರಾಮನಗರದ ಬಂಡೆಗಳಲ್ಲಿ ನನ್ನ ಜೊತೆ ಹತ್ತಲು ಕಲಿತ ಹಾಸನದ ಗೆಳೆಯ, ನಾರ್ವಿಕ್ ಊರಿನ ನನ್ನ ಸಹೋದ್ಯೋಗಿ, ಮತ್ತೆ ನಾನು. ಸ್ಟೆಟಿಂಡ್ ಕೂಡ ಗ್ರಾನೈಟ್, ರಾಮನಗರವೂ ಗ್ರಾನೈಟ್. ಅದೇ ನಮ್ಮ ಧೈರ್ಯ. ಅದೇ ಮೊದಲ ಸಲ ಕೈಕೊಟ್ಟದ್ದು ಕೂಡ.

ಹಿಂದಿನ ವರ್ಷ ಜುಲೈ ಮೊದಲ ವಾರ. ರಾತ್ರಿಯಿಡೀ ಮಳೆ ಸುರಿದು ಬೆಳಿಗ್ಗೆ ಬಿಟ್ಟಿತ್ತು. ಬಿಸಿಲು ಬಂತಲ್ಲ, ಬಂಡೆ ಒಣಗುತ್ತೆ ಅಂತ ಹೊರಟೆವು. ರಾಮನಗರದಲ್ಲಾದರೆ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಇಲ್ಲಿ ಕಪ್ಪು ಕಲ್ಲುಹೂವು ಬಂಡೆಗೆ ಸಿಪ್ಪೆಯ ಹಾಗೆ ಅಂಟಿಕೊಂಡಿರುತ್ತದೆ. ಒಣಗಿದ್ದಾಗ ಮರಳು ಕಾಗದದಷ್ಟು ಒರಟು. ಒದ್ದೆಯಾದರೆ ಸೋಪು. ಮಧ್ಯಾಹ್ನವಾದರೂ ಅದು ಒಣಗಲಿಲ್ಲ, ಮೇಲಿಂದ ಮೋಡ ಬೇರೆ ಇಳಿಯಿತು. ನಿಜವಾದ ತುದಿಗೆ ಮುಂಚೆ ಸಿಗುವ ಸಣ್ಣ ತುದಿಗೆ ಹಾಲ್‌ನ ಮುಂದುದಿ ಅಂತ ಹೆಸರು; ಅಲ್ಲೇ ಕೂತು ಬ್ರೆಡ್ಡು ತಿಂದು ವಾಪಸ್ ಬಂದೆವು. ಬೆಟ್ಟದಲ್ಲಿ ತಿರುಗಿ ಬರೋದು ನಾಚಿಕೆಯಲ್ಲ ಅಂತ ನಾರ್ವೆಯವರು ನಿಯಮವನ್ನೇ ಬರೆದಿಟ್ಟಿದ್ದಾರೆ. ಸಹೋದ್ಯೋಗಿ ಅದನ್ನು ದಾರಿಯುದ್ದಕ್ಕೂ ಹೇಳಿದ. ನಮಗೆ ನಾಚಿಕೆಯಂತೂ ಆಯಿತು.

ಹಾಲ್ ಅಂದರೆ ಕಾರ್ಲ್ ಹಾಲ್, ಡೆನ್ಮಾರ್ಕಿನವನು. 1888ರಲ್ಲಿ ಅವನೂ ಇದೇ ಮುಂದುದಿಯವರೆಗೆ ಬಂದು ನಿಂತ. ಅದಕ್ಕೇ ಅದಕ್ಕೆ ಅವನ ಹೆಸರು. ನಿಜವಾದ ತುದಿ ಮುಟ್ಟಿದ್ದು 1910ರಲ್ಲಿ: ಶೆಲ್ಡೆರುಪ್, ಬ್ರೂನ್ ಮತ್ತು ರೂಬೆನ್ಸನ್ ಅನ್ನುವ ಮೂವರು. ಈ ರೂಬೆನ್ಸನ್ 1907ರಲ್ಲಿ ಸಿಕ್ಕಿಮ್‌ನ ಕಬ್ರು ಶಿಖರಕ್ಕೂ ಹೋಗಿದ್ದ. 7000 ಮೀಟರ್ ದಾಟಿ, ತುದಿಗೆ ಸ್ವಲ್ಪವೇ ಬಾಕಿಯಿರುವಾಗ ಹಿಂದಿರುಗಿದ. ಅಂಥವನಿಗೂ ಈ 1392 ಮೀಟರ್ ಸಣ್ಣ ಬೆಟ್ಟ ಅನಿಸಿರಲಿಕ್ಕಿಲ್ಲ.

ಈ ಸಲ ಜುಲೈ ಕೊನೆ. ರಜೆಯನ್ನು ಮೊದಲೇ ಹಾಕಲಿಲ್ಲ. 'ಯೂರ್' ಹವಾಮಾನ ಆ್ಯಪ್ ನೋಡುತ್ತಾ ಕೂತು, ಮೂರು ದಿನ ಮಳೆಯಿಲ್ಲದೆ ಕಳೆದ ಮೇಲೆ ಬಾಸ್‌ಗೆ ಹೇಳಿ ಹೊರಟೆ. ನನ್ನ ಪ್ರಕಾರ ಈ ಬೆಟ್ಟದ ಅರ್ಧ ಕೆಲಸ ಅಷ್ಟೇ. ಬೆಳಿಗ್ಗೆ ಆರೂವರೆಗೆ ನಡಿಗೆ ಶುರು. ಬರ್ಚ್ ಕಾಡು, ಕೆಸರು, ಸೊಳ್ಳೆ. ಸ್ವಾರ್ಟ್‌ವಾಟ್ನೆಟ್ ಕೆರೆಯ ಹತ್ತಿರ ಬಾಟಲಿ ತುಂಬಿಸಿಕೊಂಡೆವು, ಮುಂದೆ ನೀರಿನ ಭರವಸೆ ಇಲ್ಲ. ಆಮೇಲೆ ಕಲ್ಲುಗುಡ್ಡೆಗಳ ಉದ್ದನೆಯ ಏರು. ಅದರ ಬಗ್ಗೆ ಹೇಳಲು ಏನೂ ಇಲ್ಲ, ಸುಮ್ನೆ ಹತ್ತಬೇಕು.

ಮುಂದುದಿಯಿಂದ ಹಗ್ಗದ ಕೆಲಸ. ಅಲ್ಲಿಂದ ಒಂದು ಕೊರಕಲಿಗೆ ಇಳಿಯಬೇಕು, ಆಮೇಲೆ ಸಪೂರ ಏಣು. ಎಡಕ್ಕೂ ಬಲಕ್ಕೂ ಖಾಲಿ. ಕಷ್ಟ ಅಂತೇನಿಲ್ಲ, ಕಾಲಿಗೆ ಜಾಗ ಚೆನ್ನಾಗಿದೆ. ಆದರೆ ಎರಡು ಶೂಗಳ ನಡುವಿನ ಸಂದಿಯಿಂದ ಫ್ಯೂರ್ಡ್‌ನ ನೀರು ಕಾಣುತ್ತದೆ. ನನ್ನ ಬಾಯಿ ಒಣಗಿತ್ತು.

ಏಣಿನ ಕೊನೆಗೆ ದಾರಿಗಡ್ಡ ಕೂತಿರುವ ಬಂಡೆಗೆ ಮೀಸೋಸ್ಟೆನ್ ಅಂತ ಹೆಸರು. ಮೀಸೋಸ್ಟ್ ಅಂದರೆ ಇಲ್ಲಿನ ಕಂದು ಚೀಸ್. ಹಾಲು ಒಡೆಸಿದ ಮೇಲೆ ಉಳಿಯುವ ತಿಳಿನೀರನ್ನು ಕಂದು ಬರುವವರೆಗೆ ಬತ್ತಿಸಿ ಇಟ್ಟಿಗೆಯ ಹಾಗೆ ಅಚ್ಚು ಹಾಕುತ್ತಾರೆ. ರುಚಿ ಹೆಚ್ಚುಕಮ್ಮಿ ಉಪ್ಪು ಹಾಕಿದ ಧಾರವಾಡ ಪೇಡ. ನಮ್ಮ ಬ್ರೆಡ್ಡಿನಲ್ಲೂ ಅದೇ ಇತ್ತು.

ಈ ಬಂಡೆಯಲ್ಲಿ ಬೆರಳಿಗೆ ಸಿಗುವ ಪ್ರಸಿದ್ಧವಾದ ಆರು ಹಿಡಿಗಳಿವೆ. ಅಡ್ಡಕ್ಕೆ ಸರಿಯುತ್ತಾ ಹೋಗಬೇಕು, ಕೈಗೆ ಬೆರಳ ತುದಿ ಹಿಡಿಸುವಷ್ಟು ಅಂಚು, ಕಾಲಿಗೆ ನುಣುಪು ಬಂಡೆ. ಕಷ್ಟದ ಲೆಕ್ಕದಲ್ಲಿ ನಾರ್ವೆಯ ನಾಲ್ಕರ ಆಸುಪಾಸು, ಅಂದರೆ ಒಳಾಂಗಣ ಗೋಡೆಯಲ್ಲಿ ಮಾತಾಡಿಕೊಂಡೇ ಹತ್ತುವಂಥದ್ದು.

"ಮಗಾ, ಮುಂದೆ ನೀನೇ ಹೋಗು. ಕಾಲು ನಂಬು, ರಾಮನಗರ ಅಂದ್ಕೋ" ಅಂದ ಗೆಳೆಯ.

ಮೊದಲ ಎರಡು ಹಿಡಿ ಸಲೀಸು. ಮೂರನೆಯದಕ್ಕೆ ಕೈಹಾಕಿದಾಗ ಬೆರಳಿಗೆ ಏನೂ ತಿಳಿಯಲಿಲ್ಲ. ಗಾಳಿಗೆ ಮರಗಟ್ಟಿದ್ದವು. ಕಣ್ಣಲ್ಲೇ ನೋಡಿ, ಉಗುರು ಬೆಳ್ಳಗಾಗಿದೆ ಅಂದರೆ ಗಟ್ಟಿ ಹಿಡಿದಿದ್ದೇನೆ ಅಂತ ಅರ್ಥ ಮಾಡಿಕೊಂಡೆ. ಹಿಮ್ಮಡಿ ಕೆಳಕ್ಕೆ ಬಿಟ್ಟು, ಶೂವಿನ ರಬ್ಬರನ್ನು ಆದಷ್ಟು ಅಗಲಕ್ಕೆ ಬಂಡೆಗೆ ಒತ್ತಿದೆ. ನುಣುಪು ಬಂಡೆಯಲ್ಲಿ ಹಿಮ್ಮಡಿ ಎತ್ತಿದರೆ ಕಾಲು ಜಾರುತ್ತೆ ಅಂತ ರಾಮನಗರದಲ್ಲಿ ನೂರು ಸಲ ಬೈಸಿಕೊಂಡಿದ್ದೆ. ಇಲ್ಲಿ ಬೈಯುವವರಿಲ್ಲದೆಯೂ ನೆನಪಾಯಿತು. ಆರೂ ಹಿಡಿಯಾಗಿ ಮೇಲಕ್ಕೆ ಕಾಲು ಎಳೆದುಕೊಂಡಾಗ ಎಷ್ಟು ಹೊತ್ತಾಗಿತ್ತೋ, ಐದು ನಿಮಿಷ ಅಂದ ಗೆಳೆಯ. ನನಗೆ ಜಾಸ್ತಿ ಅನಿಸಿತ್ತು.

ತುದಿಯಲ್ಲಿ ಹದಿನೈದು ನಿಮಿಷ ಕೂತೆವು. ಚಪ್ಪಟೆ ಜಾಗ, ಕೆಳಗೆ ನೀಲಿ ನೀರು.

ಎಡವಟ್ಟು ಆಗಿದ್ದು ಇಳಿಯುವಾಗ. ಮೀಸೋಸ್ಟೆನ್‌ನಿಂದ ಹಗ್ಗ ಜೋಡಿ ಮಾಡಿ ರ‍್ಯಾಪೆಲ್ ಮಾಡಿದೆವು, ಅಂದರೆ ಹಗ್ಗದ ಮೇಲೆ ಜಾರುತ್ತಾ ಇಳಿದೆವು. ಹಗ್ಗ ಮುಗಿದಿದ್ದು ಗೊತ್ತಾಗದೆ ಜಾರಿಬಿಡಬಾರದು ಅಂತ ಎರಡೂ ತುದಿಗೆ ಗಂಟು ಹಾಕಿರುತ್ತೇವೆ. ಎಲ್ಲರೂ ಇಳಿದ ಮೇಲೆ ಗಂಟು ಬಿಚ್ಚಿ ಎಳೆಯಬೇಕು. ನಾನು ಬಿಚ್ಚಲಿಲ್ಲ. ಎಳೆದೆ, ತುದಿ ಮೇಲೇರಿತು, ಗಂಟು ಹೋಗಿ ಸೀಳಿನಲ್ಲಿ ಕೂತಿತು. ಮೂವರೂ ಜಗ್ಗಿದರೂ ಅಲ್ಲಾಡಲಿಲ್ಲ. ಅದೃಷ್ಟಕ್ಕೆ ಎಳೆದ ಕಡೆಯ ಹಗ್ಗ ಸಾಕಷ್ಟು ಉದ್ದ ಕೈಯಲ್ಲಿತ್ತು. ಅದನ್ನೇ ಕಟ್ಟಿಕೊಂಡು, ಬಂಡೆಯ ಸೀಳಿನಲ್ಲಿ ಕಚ್ಚಿ ಕೂರುವ ಕ್ಯಾಮ್ ಅನ್ನುವ ಸಾಧನವನ್ನು ಹೊಸದಾಗಿ ಹಾಕುತ್ತಾ ಸಹೋದ್ಯೋಗಿ ವಾಪಸ್ ಹತ್ತಿ ಬಿಡಿಸಿಕೊಂಡು ಬಂದ. ನಲವತ್ತು ನಿಮಿಷ ಹೋಯಿತು. ಒಂದು ಮಾತೂ ಆಡಲಿಲ್ಲ ಅವನು, ಅದೇ ಕಷ್ಟವಾಗಿದ್ದು. ಈಗ ಹಗ್ಗ ಎಳೆಯುವ ಮುಂಚೆ ಎರಡೂ ತುದಿಯನ್ನು ಮುಟ್ಟಿ, "ಗಂಟಿಲ್ಲ, ಗಂಟಿಲ್ಲ" ಅಂತ ಜೋರಾಗಿ ಹೇಳುತ್ತೇನೆ. ಜೊತೆಯವರು ನಗುತ್ತಾರೆ.

ಕೊರಕಲಿನಿಂದ ಮುಂದುದಿಗೆ ಮತ್ತೆ ಹತ್ತಬೇಕು ಅನ್ನುವುದನ್ನು ಮಾತ್ರ ಮನಸ್ಸು ಒಪ್ಪುವುದಿಲ್ಲ. ಮಂಡಿಯಂತೂ ಕೆರೆ ಬರುವಷ್ಟರಲ್ಲೇ ಕೈಚೆಲ್ಲಿತ್ತು. ಕಾರು ಸೇರಿದಾಗ ರಾತ್ರಿ ಹತ್ತೂಮುಕ್ಕಾಲು, ಹೆಡ್‌ಲ್ಯಾಂಪ್ ಬೇಕಾಗಿಲ್ಲದಷ್ಟು ಬೆಳಕು. ವಾಚ್‌ನಲ್ಲಿ ಎತ್ತರ 11 ಮೀಟರ್ ಅಂತಿತ್ತು. ಗಾಳಿಯ ಒತ್ತಡ ಇಳಿಯುತ್ತಿದೆ, ನಾಳೆ ಮಳೆ, ಅಂದ ಸಹೋದ್ಯೋಗಿ. ಹಗ್ಗದ ವಿಷಯ ಆದಮೇಲೆ ಅವನು ನನ್ನ ಜೊತೆ ಆಡಿದ ಮೊದಲ ಮಾತು ಅದು.