ಉಗಾಂಡದ ಹಳ್ಳಿಶಾಲೆಯಲ್ಲಿ ಪಾಠ: ಪಿ-4 ಅನ್ನೇ ಕೇಳಿ ಪಡೆಯಿರಿ

ಉಗಾಂಡದ ಹಳ್ಳಿಶಾಲೆಗೆ ಸ್ವಯಂಸೇವಕರಾಗಿ ಹೋದವರಿಗೆ ಮುಖ್ಯೋಪಾಧ್ಯಾಯರು ಮೊದಲು ವಹಿಸಲು ನೋಡುವುದು ಪಿ-7, ಅಂದರೆ ಏಳನೇ ತರಗತಿ. ವರ್ಷದ ಕೊನೆಗೆ ಪಿಎಲ್‌ಇ, ಅಂದರೆ ಪ್ರಾಥಮಿಕ ಶಾಲೆ ಮುಗಿಸುವ ಪರೀಕ್ಷೆ ಇರುವುದು ಅದಕ್ಕೇ, ಶಾಲೆಯ ಮಾನ ನಿಂತಿರುವುದೂ ಅದರ ಮೇಲೆ. ಒಪ್ಪಿಕೊಳ್ಳಬೇಡಿ. ಅಲ್ಲಿ ನಡೆಯುವುದು ಹಳೆಯ ಪ್ರಶ್ನೆಪತ್ರಿಕೆಗಳ ತಿರುವಿಹಾಕಾಟ. ಅದನ್ನು ಅಲ್ಲಿನ ಶಿಕ್ಷಕರು ನಮಗಿಂತ ಚೆನ್ನಾಗಿ ಮಾಡಿಸುತ್ತಾರೆ. ನಾನು ಕೇಳಿ ಪಡೆದದ್ದು ಪಿ-4. 2007ರಲ್ಲಿ ಬಂದ ಪಠ್ಯಕ್ರಮದ ಪ್ರಕಾರ ಮೊದಲ ಮೂರು ವರ್ಷ ಪಾಠವೆಲ್ಲ ಸ್ಥಳೀಯ ಭಾಷೆಯಲ್ಲಿ. ಪಶ್ಚಿಮದ ಆಂಕೋಲೆ ಸೀಮೆಯಲ್ಲಿ (ನಮ್ಮ ಅಂಕೋಲಾ ಅಲ್ಲ) ಅದು ರುನ್ಯಾಂಕೋಲೆ. ನಾಲ್ಕರಲ್ಲಿ ಇಂಗ್ಲಿಷಿಗೆ ದಾಟಬೇಕು, ಐದರಿಂದ ಪೂರ್ತಿ ಇಂಗ್ಲಿಷ್. ಮಕ್ಕಳು ಜಾರುವುದು ಈ ದಾಟಿನಲ್ಲೇ.

ಕಾಗದಪತ್ರ ಮೊದಲೇ ಮುಗಿಸಿ. ಪ್ರವಾಸಿ ವೀಸಾ ಇಟ್ಟುಕೊಂಡು ಪಾಠ ಮಾಡುವಂತಿಲ್ಲ, ಸಂಬಳ ಇಲ್ಲದಿದ್ದರೂ ಅಷ್ಟೇ; ಕರೆಸಿಕೊಳ್ಳುವ ಸಂಸ್ಥೆಯೇ ಪರವಾನಗಿಗೆ ಅರ್ಜಿ ಹಾಕಬೇಕು. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿ. ಲಸಿಕೆಯ ಪ್ರಮಾಣಪತ್ರವಾದ ಹಳದಿ ಪುಸ್ತಕವಿಲ್ಲದೆ ವಾಪಸಾದರೆ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಿಯಾರು. ಮಲೇರಿಯಾ ಮಾತ್ರೆ ಯಾವುದೆಂದು ವೈದ್ಯರು ಹೇಳಲಿ. ಡಾಕ್ಸಿಸೈಕ್ಲಿನ್ ಆದರೆ ಅಲ್ಲಿಂದ ಬಂದ ಮೇಲೂ ನಾಲ್ಕು ವಾರ ನುಂಗಬೇಕು. ಊರು ಸೇರಿದ ಖುಷಿಯಲ್ಲಿ ಹೆಚ್ಚಿನವರು ನಿಲ್ಲಿಸಿಬಿಡುವುದು ಇದನ್ನೇ.

ಮೊದಲ ವಾರ ಪಾಠ ಬೇಡ, ಅಳತೆ ಮಾಡಿ. ಒಂದು ಹಾಳೆಯಲ್ಲಿ ಅಕ್ಷರ, ಪದ, ನಾಲ್ಕು ಸಾಲಿನ ಗದ್ಯ, ಪುಟ್ಟ ಕತೆ ಬರೆದಿಟ್ಟು, ಒಂದೊಂದೇ ಮಗುವನ್ನು ಮರದಡಿ ಕೂರಿಸಿಕೊಂಡು ಎಲ್ಲಿಯವರೆಗೆ ಓದುತ್ತದೆ ನೋಡಿ. ಒಬ್ಬೊಬ್ಬರಿಗೆ ಮೂರು ನಾಲ್ಕು ನಿಮಿಷ ಸಾಕು. ಇದು ಭಾರತದಲ್ಲಿ ಪ್ರಥಮ್ ಸಂಸ್ಥೆ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಗೆ ಬಳಸುವ ವಿಧಾನ; ಪೂರ್ವ ಆಫ್ರಿಕದಲ್ಲಿ ಉವೆಜೊ ಹೆಸರಿನಲ್ಲಿ ಇಂಥದೇ ನಡೆಯುವುದರಿಂದ ಅಲ್ಲಿನ ಕೆಲವು ಶಿಕ್ಷಕರಿಗೆ ಪರಿಚಯವಿರುತ್ತದೆ. ರುನ್ಯಾಂಕೋಲೆಯಲ್ಲೂ ಇಂಗ್ಲಿಷಿನಲ್ಲೂ ಬೇರೆಬೇರೆಯಾಗಿ ಓದಿಸಿ. ತನ್ನ ಭಾಷೆಯಲ್ಲಿ ಕತೆ ಓದುವ ಮಗುವಿಗೆ ಬೇಕಿರುವುದು ಇಂಗ್ಲಿಷ್ ಪದಗಳು; ಎರಡರಲ್ಲೂ ಅಕ್ಷರಕ್ಕೇ ನಿಂತ ಮಗುವಿಗೆ ಬೇಕಿರುವುದು ಓದು. ಇಬ್ಬರಿಗೂ ಒಂದೇ ಪಾಠ ಮಾಡಿದರೆ ಇಬ್ಬರಿಗೂ ದಕ್ಕುವುದಿಲ್ಲ, ಓದಿನ ಮಟ್ಟ ನೋಡಿ ಗುಂಪು ಮಾಡಿ. ಉಕ್ತಲೇಖನದಲ್ಲಿ 'ಲ' ಇರಬೇಕಾದಲ್ಲಿ 'ರ' ಬಂದರೆ ಅಂಕ ಕಳೆಯಬೇಡಿ, ಅದು ಅವರ ಮಾತಿನ ಉಚ್ಚಾರ.

ಇನ್ನು ಕರಿಹಲಗೆ. ಎಂಬತ್ತು ತೊಂಬತ್ತು ಮಕ್ಕಳ ನಡುವೆ ಬೆರಳೆಣಿಕೆಯ ಪುಸ್ತಕಗಳಿದ್ದಾಗ ಹಲಗೆಯೇ ಪಠ್ಯಪುಸ್ತಕ. ಕೆಡುವುದೂ ಇಲ್ಲೇ. ಪೂರ್ತಿ ಹಲಗೆ ತುಂಬಿಸಿದರೆ 40 ನಿಮಿಷದ ಅವಧಿಯಲ್ಲಿ ಮಕ್ಕಳು ನಕಲು ಮಾಡುವುದರಲ್ಲೇ ಇರುತ್ತಾರೆ, ಕೊನೆಯ ಬೆಂಚಿನವರು ಅದನ್ನೂ ಮುಗಿಸುವುದಿಲ್ಲ. ಹಲಗೆಯನ್ನು ಮೂರು ಪಾಲು ಮಾಡಿ: ಎಡಕ್ಕೆ ಆ ದಿನದ ಆರೇಳು ಹೊಸ ಪದ, ನಡುವೆ ಮಾಡಿ ತೋರಿಸುವ ಲೆಕ್ಕ, ಬಲಕ್ಕೆ ನೋಟ್‌ಬುಕ್ಕಿಗೆ ಇಳಿಸಬೇಕಾದ ಐದು ಸಾಲು ಮಾತ್ರ. ಅಕ್ಷರ ಐದು ಸೆಂಟಿಮೀಟರಿಗಿಂತ ಚಿಕ್ಕದಾದರೆ ಹಿಂದಿನವರಿಗೆ ಕಾಣದು. ಬಿಳಚಿದ ಹಲಗೆಗೆ ಇದ್ದಿಲ ಪುಡಿಯನ್ನು ಹಸಿ ಎಲೆಯ ಜೊತೆ ಅರೆದು ಉಜ್ಜುತ್ತಾರೆ, ಕೆಲವು ವಾರ ತಡೆಯುತ್ತದೆ. ಹಳೆಯ ಬ್ಯಾಟರಿ ಒಡೆದು ಕಪ್ಪು ತೆಗೆಯುವ ರೂಢಿಯೂ ಇದೆ, ಮಕ್ಕಳ ಕೈಯಲ್ಲಿ ಅದನ್ನು ಮಾಡಿಸಲೇಬೇಡಿ.

ಕಾಗದದ ಚಾರ್ಟು ಗೆದ್ದಲಿಗೆ ಊಟ. ಅಕ್ಕಿಯ ಪ್ಲಾಸ್ಟಿಕ್ ಚೀಲವನ್ನು ಬಿಚ್ಚಿ, ತೊಳೆದು, ಅಂಚು ಹೊಲಿದು, ಅಳಿಸದ ಮಾರ್ಕರಿನಲ್ಲಿ ಬರೆದರೆ ವರ್ಷಗಟ್ಟಲೆ ಬಾಳುತ್ತದೆ. ಲೆಕ್ಕಕ್ಕೆ ಸೋಡಾ ಬಾಟಲಿಯ ಒಂದು ಮುಚ್ಚಳವೆಂದರೆ ಒಂದು, ಹತ್ತು ಕಡ್ಡಿಯ ಕಟ್ಟೆಂದರೆ ಹತ್ತು.

ಮಾರ್ಚ್–ಮೇ, ಸೆಪ್ಟೆಂಬರ್–ನವೆಂಬರ್ ಮಳೆಗಾಲ. ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ನಿಮ್ಮ ದನಿ ಎರಡನೇ ಸಾಲಿಗೂ ತಲುಪದು. ಕಿರುಚಿ ಗಂಟಲು ಕೆಡಿಸಿಕೊಳ್ಳುವ ಬದಲು, ಮಾತೇ ಬೇಡದ ಲೆಕ್ಕಗಳ ಒಂದು ಚೀಲ-ಚಾರ್ಟನ್ನು ಮಳೆಗೆಂದೇ ತೆಗೆದಿಡಿ.

ಗಡಿಯಾರದ ಪಾಠದಲ್ಲಿ ಹೊರಗಿನವರೆಲ್ಲ ಮುಗ್ಗರಿಸುತ್ತಾರೆ. ಅಲ್ಲಿ ಗಂಟೆಯ ಎಣಿಕೆ ಸೂರ್ಯೋದಯದಿಂದ. ನಮ್ಮ ಬೆಳಗಿನ ಏಳು ಅವರಿಗೆ ಒಂದು. ಚಿಕ್ಕ ಮುಳ್ಳು ತೋರಿಸುವ ಅಂಕೆಯ ಎದುರು ತುದಿಯದು ಮನೆಯ ಗಂಟೆ, ಮುಳ್ಳು ತೋರಿಸುವುದು ಶಾಲೆಯ ಗಂಟೆ. ರಟ್ಟಿನ ಗಡಿಯಾರದಲ್ಲಿ ಎರಡನ್ನೂ ಒಟ್ಟಿಗೆ ತೋರಿಸಿದರೆ ಗೊಂದಲವಿಲ್ಲ.

ಊಟದ ಚಿಂತೆ ಕನ್ನಡಿಗರಿಗೆ ಬೇಡ. ಕರೊ ಎಂದು ಬಡಿಸುವುದು ರಾಗಿಹಿಟ್ಟಿನ ಮುದ್ದೆಯೇ, ಮರಗೆಣಸಿನ ಹಿಟ್ಟು ಬೆರೆಸಿದ್ದರಿಂದ ಸ್ವಲ್ಪ ಅಂಟು ಹೆಚ್ಚು. ರಾಗಿಯ ತವರು ಪೂರ್ವ ಆಫ್ರಿಕವೇ ಆದ್ದರಿಂದ ಹೋಲಿಸಿ ಮೂಗು ಮುರಿಯುವ ಹಕ್ಕು ನಮಗಿಲ್ಲ.

ಬೆತ್ತ ಕಾಣುತ್ತದೆ. 2006ರ ಸುತ್ತೋಲೆಯೂ 2016ರ ಕಾನೂನು ತಿದ್ದುಪಡಿಯೂ ಅದನ್ನು ನಿಷೇಧಿಸಿವೆ. ಮಕ್ಕಳೆದುರು ಸಹೋದ್ಯೋಗಿಯೊಂದಿಗೆ ವಾದಕ್ಕಿಳಿಯಬೇಡಿ, ಮುಖ್ಯೋಪಾಧ್ಯಾಯರ ಬಳಿ ಖಾಸಗಿಯಾಗಿ ಮಾತಾಡಿ. ನಿಮ್ಮ ತರಗತಿಯಲ್ಲಂತೂ ಅದು ಬೇಡವೆಂದು ಮೊದಲ ದಿನವೇ ಹೇಳಿ.

ಎಲ್ಲಕ್ಕಿಂತ ದೊಡ್ಡ ಹಾನಿ ಬಿಟ್ಟಿ ಕೈ ಸಿಕ್ಕಿತೆಂದು ತರಗತಿಯ ಶಿಕ್ಷಕರು ದೂರ ಸರಿಯುವುದರಿಂದ. ನೀವು ಹೊರಟ ದಿನ ಪಾಠವೂ ನಿಲ್ಲುತ್ತದೆ. ಹಾಗಾಗಿ ಒಬ್ಬರೇ ತರಗತಿ ಹಿಡಿಯಲು ಒಪ್ಪಬೇಡಿ: ರುನ್ಯಾಂಕೋಲೆಯಲ್ಲಿ ವಿವರಣೆ ಅವರದು, ಇಂಗ್ಲಿಷ್ ಅಭ್ಯಾಸ ನಿಮ್ಮದು, ಓದಿನ ಗುಂಪುಗಳಲ್ಲಿ ಹಿಂದುಳಿದದ್ದು ಸರದಿಯಂತೆ ಇಬ್ಬರಿಗೂ. ಟರ್ಮಿನ ಕೊನೆಯ ವಾರಗಳನ್ನು ಪರೀಕ್ಷೆ ನುಂಗುವುದರಿಂದ, ಮೂರು ವಾರ ಮೊದಲೇ ಎಲ್ಲ ಗುಂಪುಗಳನ್ನೂ ಅವರಿಗೆ ವಹಿಸಿ ನೀವು ಹಿಂದಿನ ಬೆಂಚಿನಲ್ಲಿ ಕೂತು ನೋಟ್‌ಬುಕ್ ತಿದ್ದಿ.