ಹಾರುವ ಹಕ್ಕಿಯ ಫೋಟೋ: ಮೊದಲು ಗಾಳಿ ನೋಡಿ

ಹಾರುವ ಹಕ್ಕಿಯ ಫೋಟೋದಲ್ಲಿ ಬರೀ ಬಾಲವೇ ಬರುತ್ತಿದೆಯಾ? ನನ್ನದೂ ಮೊದಲ ವರ್ಷವಿಡೀ ಅದೇ ಕತೆ. ಲೆನ್ಸ್ ಬದಲಿಸುವ ಯೋಚನೆ ಸದ್ಯಕ್ಕೆ ಬಿಡಿ, ನಿಲ್ಲುವ ಜಾಗ ಬದಲಿಸಿ ನೋಡಿ.

ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಮೇಲೇಳುತ್ತವೆ, ಇಳಿಯುವುದೂ ಹಾಗೆಯೇ. ಎದುರುಗಾಳಿ ಇದ್ದರೆ ರೆಕ್ಕೆಗೆ ಸುಲಭವಾಗಿ ಎತ್ತುವ ಬಲ ಸಿಗುತ್ತದೆ. ಹಾಗಾಗಿ ಗಾಳಿ, ಬಿಸಿಲು ಎರಡೂ ನಿಮ್ಮ ಬೆನ್ನಿಗೆ ಬರುವಂತೆ ನಿಂತರೆ ಹಕ್ಕಿ ನಿಮ್ಮ ಕಡೆ ಮುಖ ಮಾಡಿ ಏಳುವ ಸಾಧ್ಯತೆ ಹೆಚ್ಚು, ಮುಖದ ಮೇಲೆ ಬೆಳಕೂ ಇರುತ್ತದೆ. ಎರಡೂ ಹೊಂದದ ದಿನ ನಾನು ಕೂತ ಹಕ್ಕಿಗಳ ಕಡೆ ತಿರುಗಿಬಿಡುತ್ತೇನೆ.

ಇನ್ನೊಂದು ಗುಟ್ಟು, ನಗಬೇಡಿ: ಎಷ್ಟೋ ಹಕ್ಕಿಗಳು ಹಾರುವ ಮುಂಚೆ ಹಿಕ್ಕೆ ಹಾಕುತ್ತವೆ. ಹಿಕ್ಕೆ ಬಿತ್ತು, ಮೈ ಮುಂದಕ್ಕೆ ಬಾಗಿತು ಅಂದರೆ ಬಟನ್ ಒತ್ತಲು ಶುರುಮಾಡಿ. ಶಟರ್ ವೇಗ, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು, 1/2000 ಸೆಕೆಂಡ್ ಆಸುಪಾಸು ಇರಲಿ. ಸುಮ್ಮನೆ ಕೂತದ್ದಕ್ಕೆ 1/500 ಸಾಕು. ಫೋಕಸ್ ಯಾವತ್ತೂ ಕಣ್ಣಿನ ಮೇಲೆ.

ಮಿಂಚುಳ್ಳಿ, ನೊಣಹಿಡುಕಗಳ ಹಿಂದೆ ಓಡಬೇಡಿ. ಬೇಟೆಯಾಡಿ ಮತ್ತೆ ಮತ್ತೆ ಅದೇ ಕೊಂಬೆಗೆ ಬರುವುದು ಅವುಗಳ ಅಭ್ಯಾಸ. ತುಸು ದೂರದಲ್ಲಿ ಅಲ್ಲಾಡದೆ ಕೂತರೆ ಆಯ್ತು, ಅರ್ಧ ಗಂಟೆ ಬೇಕಾದರೂ ಬೇಕು.

ಗೂಡಿನ ಫೋಟೋ ಮಾತ್ರ ಬೇಡವೇ ಬೇಡ. ಅಡ್ಡ ಬಂದ ಎಲೆ ಸರಿಸಿದರೆ ಕಾಗೆಯ ಕಣ್ಣಿಗೂ ದಾರಿ ತೆರೆದಂತೆ. ಹಕ್ಕಿ ಒಂದೇ ಸಮನೆ ಕಿರುಚುತ್ತಿದ್ದರೆ ಹತ್ತಿರದಲ್ಲಿ ಗೂಡಿರಬಹುದು, ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯಿರಿ.