ಹಳೇ ಪಿಕಪ್ ಸ್ಟಾರ್ಟ್ ಆಗುತ್ತಿಲ್ಲವಾ? ಪಂಪ್ ಬಿಚ್ಚಿಸುವ ಮೊದಲು ಹೊಗೆ ನೋಡಿ

ಬೆಳಗಿನ ಜಾವ 4 ಗಂಟೆ. ಹಿಂದೆ ಟೊಮೆಟೊ ಬಾಕ್ಸ್ ಲೋಡ್ ಆಗಿದೆ, ಒಂದೊಂದು 15 ಕೆಜಿ. ಹರಾಜು ಶುರುವಾಗುವ ಹೊತ್ತಿಗೆ ಕೋಲಾರದ ಮಾರ್ಕೆಟ್ ಮುಟ್ಟಬೇಕು. ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತದೆ, ಹೊಡೆಯುತ್ತಲೇ ಇರುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ. ಹೇಗೋ ಸ್ಟಾರ್ಟ್ ಆದರೂ ಊರ ಗೇಟ್ ದಾಟುವುದರೊಳಗೆ ಆಫ್.

ನಮ್ಮ ಹಳೇ ಡೀಸೆಲ್ ಪಿಕಪ್ ಒಂದು ಚಳಿಗಾಲ ಪೂರ್ತಿ ಹೀಗೆ ಕಾಡಿತ್ತು. ಬ್ಯಾಟರಿ ಹೊಸದು ಹಾಕಿಸಿದೆವು. ಆಮೇಲೆ ಯಾರೋ ಹೇಳಿದರು ಅಂತ ಇಂಜಿನ್‌ಗೆ ಡೀಸೆಲ್ ಕಳಿಸುವ ಪಂಪ್ ಬಿಚ್ಚಿಸಿ ಕೆಲಸ ಮಾಡಿಸಿದೆವು, ಅದಕ್ಕೆ ಕೊಟ್ಟ ದುಡ್ಡು ನೆನೆಸಿಕೊಂಡರೆ ಇವತ್ತಿಗೂ ಸಂಕಟವಾಗುತ್ತದೆ. ಕೊನೆಗೆ ಸಿಕ್ಕಿದ್ದೇನು ಗೊತ್ತಾ? ಟ್ಯಾಂಕಿನಿಂದ ಬರುವ ರಬ್ಬರ್ ಪೈಪಿನಲ್ಲಿ, ಕ್ಲಿಪ್ಪಿನ ಅಡಿಯಲ್ಲಿ, ಕೂದಲೆಳೆಯಷ್ಟು ಒಂದು ಸೀಳು. ಅಲ್ಲಿಂದ ಒಂದು ಹನಿ ಡೀಸೆಲ್ ಹೊರಗೆ ಬರುತ್ತಿರಲಿಲ್ಲ. ಗಾಳಿ ಒಳಗೆ ಹೋಗುತ್ತಿತ್ತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಂದಾಜಿನ ಮೇಲೆ ಪಾರ್ಟ್ಸ್ ಬದಲಾಯಿಸಬೇಡಿ. ಗಾಡಿ ತಾನೇ ಹೇಳುತ್ತದೆ, ಸ್ವಲ್ಪ ಕೇಳಿಸಿಕೊಳ್ಳಬೇಕು ಅಷ್ಟೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದೆಲ್ಲ ಟಾಟಾ 207, ಹಳೇ ಬೊಲೆರೋ ಪಿಕಪ್ ಥರದ, ಕಂಪ್ಯೂಟರ್ ಇಲ್ಲದ ಮೆಕ್ಯಾನಿಕಲ್ ಪಂಪಿನ ಡೀಸೆಲ್ ಗಾಡಿಗಳಿಗೆ. ಹೊಸ, ಕಂಪ್ಯೂಟರ್ ಇರುವ ಕಾಮನ್ ರೈಲ್ ಗಾಡಿಗಳ ಪೈಪಿನಲ್ಲಿ 1000 ಬಾರ್‌ಗಿಂತ ಜಾಸ್ತಿ ಒತ್ತಡ ಇರುತ್ತದೆ. ಅದರ ನಟ್ ಸಡಿಲ ಮಾಡಲು ಹೋಗಲೇಬೇಡಿ, ಡೀಸೆಲ್ ಚರ್ಮ ತೂರಿಕೊಂಡು ಒಳಗೆ ಹೋಗುತ್ತದೆ.

ಕೆಲಸ ಶುರು ಮಾಡುವ ಮೊದಲು ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಕಲ್ಲು ಕೊಡಿ.

ಮೊದಲು ಸೆಲ್ಫ್ ಕೇಳಿ

ಹೆಡ್‌ಲೈಟ್ ಹಾಕಿ, ಒಬ್ಬರನ್ನು ಮುಂದೆ ನಿಲ್ಲಿಸಿ ಕೀ ತಿರುಗಿಸಿ. ಲೈಟ್ ಮಂಕಾಗಿ ಸತ್ತೇಹೋಯಿತು ಅಂದರೆ ಬ್ಯಾಟರಿ ಇಳಿದಿದೆ, ಇಲ್ಲಾ ಟರ್ಮಿನಲ್ ಸರಿ ಕೂತಿಲ್ಲ. 'ಟಿಕ್ ಟಿಕ್ ಟಿಕ್' ಅಂತ ಬೇಗ ಬೇಗ ಹೊಡೆದುಕೊಂಡರೂ ಅದೇ. ಒಂದೇ ಸಲ 'ಟಕ್' ಅಂದು ಸುಮ್ಮನಾಯಿತು, ಲೈಟ್ ಮಾತ್ರ ಚೆನ್ನಾಗಿಯೇ ಇದೆ ಅಂದರೆ ಸೆಲ್ಫ್ ಮೋಟಾರಿನ ಸೊಲೆನಾಯ್ಡ್ (ಕರೆಂಟ್ ಕೊಟ್ಟಾಗ ಎಳೆದುಕೊಳ್ಳುವ ಸ್ವಿಚ್) ಪಾಯಿಂಟ್ ಸುಟ್ಟಿರಬಹುದು ಅಥವಾ ಕಾರ್ಬನ್ ಬ್ರಷ್ ಸವೆದಿರಬಹುದು. 'ಗರ್' ಅಂತ ಸೆಲ್ಫ್ ತಾನೊಂದೇ ತಿರುಗುತ್ತಿದೆ, ಇಂಜಿನ್ ಅಲ್ಲಾಡುತ್ತಿಲ್ಲ ಅಂದರೆ ಬೆಂಡಿಕ್ಸ್, ಅಂದರೆ ಸೆಲ್ಫನ್ನು ಇಂಜಿನ್‌ಗೆ ಜೋಡಿಸುವ ಹಲ್ಲಿನ ಚಕ್ರ, ನೋಡಿಸಿ.

ಬ್ಯಾಟರಿ ಹೋಯಿತು ಅಂತ ತೀರ್ಮಾನ ಮಾಡಲು ಅವಸರ ಬೇಡ. ಒಂದು ಸಣ್ಣ ಮಲ್ಟಿಮೀಟರ್ ತಂದಿಟ್ಟುಕೊಳ್ಳಿ, ಕೆಲವೇ ನೂರು ರೂಪಾಯಿ. ರಾತ್ರಿ ಪೂರ್ತಿ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಬ್ಯಾಟರಿ ಫುಲ್. 12.2 ಅಂದರೆ ಅರ್ಧಕ್ಕೆ ಇಳಿದಿದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮೇಲೆ ಅನುಮಾನ ಪಡಬಹುದು. ಇಂಜಿನ್ ಓಡುತ್ತಿರುವಾಗ 13.8ರಿಂದ 14.4ರ ಒಳಗೆ ತೋರಿಸಬೇಕು. ತೋರಿಸದಿದ್ದರೆ ಡೈನಮೋ ಚಾರ್ಜ್ ಮಾಡುತ್ತಿಲ್ಲ, ಹೊಸ ಬ್ಯಾಟರಿ ಹಾಕಿದರೂ ಸ್ವಲ್ಪ ದಿನಕ್ಕೆ ಅದೇ ಕಥೆ.

ಹಳೇ ಗಾಡಿಗಳಲ್ಲಿ ಯಾರೂ ನೋಡದೆ ಬಿಡುವುದು ಅರ್ತ್ ವೈರ್. ಬ್ಯಾಟರಿಯ ಮೈನಸ್‌ನಿಂದ ಚಾಸಿಗೆ, ಚಾಸಿಯಿಂದ ಇಂಜಿನ್‌ಗೆ ಹೋಗುವ ದಪ್ಪ ವೈರ್ ಇರುತ್ತದಲ್ಲಾ, ಅದರ ಬೋಲ್ಟಿನ ಕೆಳಗೆ ತುಕ್ಕು ಕೂತಿರುತ್ತದೆ. ಮೀಟರಿನ ಒಂದು ಕಡ್ಡಿ ಇಂಜಿನ್ನಿನ ಬರಿ ಲೋಹಕ್ಕೆ, ಇನ್ನೊಂದು ಬ್ಯಾಟರಿ ಮೈನಸ್‌ಗೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಆ ಬೋಲ್ಟ್‌ಗಳನ್ನು ಬಿಚ್ಚಿ ಉಪ್ಪು ಕಾಗದದಲ್ಲಿ ಉಜ್ಜಿ ಗಟ್ಟಿ ಮಾಡಿ. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕೂತಿದ್ದರೆ ವೈರ್ ಬಿಚ್ಚಿ ಬಿಸಿ ನೀರು, ಅಡುಗೆ ಸೋಡಾ ಹಾಕಿ ತೊಳೆಯಿರಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ಸೆಲ್ಫ್ ಚೆನ್ನಾಗಿದೆ, ಇಂಜಿನ್ ಹಿಡಿಯುತ್ತಿಲ್ಲ

ಈಗ ಸೈಲೆನ್ಸರ್ ಕಡೆ ಒಬ್ಬರನ್ನು ಕಳಿಸಿ. 10 ಸೆಕೆಂಡ್ ಸೆಲ್ಫ್ ಹೊಡೆಯಿರಿ, ಅದಕ್ಕಿಂತ ಜಾಸ್ತಿ ಬೇಡ, ಮತ್ತೆ ಹೊಡೆಯುವ ಮೊದಲು ಒಂದು ನಿಮಿಷ ಬಿಡಿ, ಇಲ್ಲದಿದ್ದರೆ ಸೆಲ್ಫ್ ಮೋಟಾರ್ ಸುಡುತ್ತದೆ.

ಬಿಳಿ ಹೊಗೆ ಬರುತ್ತಿದೆಯಾ? ಹಾಗಾದರೆ ಡೀಸೆಲ್ ಇಂಜಿನ್ ಒಳಗೆ ಹೋಗುತ್ತಿದೆ, ಆದರೆ ಉರಿಯುತ್ತಿಲ್ಲ. ಚಳಿ ಇದ್ದು, ನಿಮ್ಮ ಗಾಡಿಗೆ ಹೀಟರ್ ಪ್ಲಗ್ (ಸ್ಟಾರ್ಟ್ ಮಾಡುವ ಮೊದಲು ಇಂಜಿನ್ ಒಳಗೆ ಬಿಸಿ ಮಾಡುವ ಕಡ್ಡಿ) ಇದ್ದರೆ ಅದನ್ನು ನೋಡಿಸಿ. ಸೆಲ್ಫ್ ನಿಧಾನ ತಿರುಗಿದರೂ ಹೀಗಾಗುತ್ತದೆ, ಕಂಪ್ರೆಶನ್, ಅಂದರೆ ಇಂಜಿನ್ ಒಳಗೆ ಗಾಳಿ ಒತ್ತುವ ಶಕ್ತಿ, ಇಳಿದಿದ್ದರೂ ಆಗುತ್ತದೆ. ಇಲ್ಲಿ ಕೆಲವರು ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುತ್ತಾರೆ. ಹೀಟರ್ ಪ್ಲಗ್ ಇರುವ ಇಂಜಿನ್‌ಗೆ ಅದು ಅಪಾಯ, ಪ್ಲಗ್ ಕೆಂಪಗೆ ಕಾದಿರುವಾಗ ಸ್ಪ್ರೇ ಸಮಯಕ್ಕೆ ಮೊದಲೇ ಹೊತ್ತಿಕೊಂಡು ಇಂಜಿನ್‌ಗೆ ಏಟು ಬೀಳಬಹುದು.

ಹೊಗೆಯೇ ಇಲ್ಲ ಅಂದರೆ ಡೀಸೆಲ್ ತಲುಪುತ್ತಿಲ್ಲ. ಮೊದಲು ಸ್ಟಾಪ್ ವ್ಯವಸ್ಥೆ, ಅಂದರೆ ಡೀಸೆಲ್ ತಡೆದು ಇಂಜಿನ್ ಆಫ್ ಮಾಡುವುದು, ನೋಡಿ. ಎಳೆಯುವ ಕೇಬಲ್ ಇದ್ದರೆ ಅದು ಪೂರ್ತಿ ವಾಪಸ್ ಹೋಗಿದೆಯಾ, ಪಂಪಿನ ಲಿವರ್ ಅರ್ಧದಲ್ಲಿ ನಿಂತಿದೆಯಾ ಅಂತ. ಕೇಬಲ್ ಬದಲು ಕರೆಂಟಿನ ಸೊಲೆನಾಯ್ಡ್ ಇರುವ ಪಂಪ್ ಆದರೆ ಕೀ ಆನ್ ಮಾಡಿದಾಗ ಅಲ್ಲಿ ಸಣ್ಣದಾಗಿ 'ಟಿಕ್' ಕೇಳಬೇಕು. ಕೇಳದಿದ್ದರೆ ಅದರ ವೈರಿಗೆ 12 ವೋಲ್ಟ್ ಬರುತ್ತಿದೆಯಾ ನೋಡಿ, ಸಾಕಷ್ಟು ಸಲ ವೈರ್ ಕಳಚಿರುತ್ತದೆ, ಅಷ್ಟೇ.

ಅಲ್ಲೂ ಸರಿ ಇದ್ದರೆ ಏರ್ ಹಿಡಿದಿರಬೇಕು, ಅಂದರೆ ಡೀಸೆಲ್ ಪೈಪಿನೊಳಗೆ ಗಾಳಿ ಸೇರಿರಬೇಕು. ಡೀಸೆಲ್ ಫಿಲ್ಟರ್ ಮೇಲಿನ ಏರ್ ಸ್ಕ್ರೂ ಒಂದೆರಡು ಸುತ್ತು ಸಡಿಲ ಮಾಡಿ, ಕೈ ಪ್ರೈಮರ್ (ಕೈಯಿಂದ ಡೀಸೆಲ್ ಎಳೆಯುವ ಸಣ್ಣ ಪಂಪ್) ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ. ಒತ್ತುತ್ತಲೇ ಇರಿ. ಗುಳ್ಳೆ ಇಲ್ಲದ ಡೀಸೆಲ್ ಬಂದಾಗ, ಅದು ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ನಿಲ್ಲಿಸಿ ಬಿಗಿ ಮಾಡಿದರೆ ಮತ್ತೆ ಗಾಳಿ ಎಳೆದುಕೊಳ್ಳುತ್ತದೆ. ಫಿಲ್ಟರ್ ಅಡಿಯಲ್ಲಿ ನೀರು ಬಿಡುವ ಸ್ಕ್ರೂ ಇದ್ದರೆ ಅದನ್ನೂ ತೆಗೆದು ಒಂದು ಗಾಜಿನ ಲೋಟಕ್ಕೆ ಹಿಡಿಯಿರಿ. ನೀರಿದ್ದರೆ ಕೆಳಗೆ ಬೇರೆಯಾಗಿ ನಿಲ್ಲುತ್ತದೆ, ಕಣ್ಣಿಗೇ ಕಾಣುತ್ತದೆ.

ಗಾಳಿ ಬರುವ ಜಾಗ ಹುಡುಕುವುದು

ಏರ್ ತೆಗೆದ ಮೇಲೆ ಗಾಡಿ ಸ್ಟಾರ್ಟ್ ಆಗುತ್ತದೆ, ಎಲ್ಲರೂ ಅಲ್ಲಿಗೇ ಬಿಡುತ್ತಾರೆ. ಮಾರನೇ ದಿನ ಬೆಳಗ್ಗೆ ಮತ್ತೆ ಅದೇ ಪಾಡು. ಏಕೆಂದರೆ ಗಾಳಿ ಸುಮ್ನೆ ಬರುವುದಿಲ್ಲ, ಎಲ್ಲೋ ದಾರಿ ಇದೆ. ಗಾಡಿ ರಾತ್ರಿ ನಿಂತಾಗ ಆ ದಾರಿಯಲ್ಲಿ ಗಾಳಿ ಸೇರಿ ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ.

ನಮಗೆ ದಾರಿ ತೋರಿಸಿದ್ದು ಒಂದು ಗೇಣು ಪಾರದರ್ಶಕ ಪೈಪ್. ಅಂಗಡಿಯಲ್ಲಿ ಸಿಗುವ, ಡೀಸೆಲ್‌ಗೆ ತಡೆಯುವಂಥದ್ದನ್ನು ತಂದು ಫಿಲ್ಟರಿಗೂ ಪಂಪಿಗೂ ಮಧ್ಯೆ ಹಾಕಿ, ಇಂಜಿನ್ ಓಡಿಸಿ ಟಾರ್ಚ್ ಬಿಟ್ಟು ನೋಡಿದೆವು. ಸಬ್ಬಕ್ಕಿ ಕಾಳಿನ ಹಾಗೆ ಗುಳ್ಳೆಗಳು, ಒಂದರ ಹಿಂದೆ ಒಂದು, ಪಂಪಿನ ಕಡೆಗೆ ಹೋಗುತ್ತಿದ್ದವು. ಹೊಟ್ಟೆ ಉರಿದುಹೋಯಿತು, ಇಷ್ಟು ದಿನ ಇದೇ ನಡೆಯುತ್ತಿತ್ತಲ್ಲಾ ಅಂತ. ಆಮೇಲೆ ಅದೇ ಪೈಪನ್ನು ಫಿಲ್ಟರಿಗಿಂತ ಹಿಂದೆ, ಅದಕ್ಕೂ ಹಿಂದೆ, ಹೀಗೆ ಟ್ಯಾಂಕಿನ ಕಡೆಗೆ ಸರಿಸುತ್ತಾ ಹೋದೆವು. ಗುಳ್ಳೆ ಎಲ್ಲಿ ನಿಲ್ಲುತ್ತದೋ, ಆ ಜಾಗಕ್ಕೂ ಅದಕ್ಕೆ ಮೊದಲು ನೋಡಿದ ಜಾಗಕ್ಕೂ ನಡುವೆಯೇ ತೂತು. ಟ್ಯಾಂಕಿನ ಪಕ್ಕದ ರಬ್ಬರ್ ಪೈಪ್ ಬಗ್ಗಿಸಿ ನೋಡಿದಾಗ ಆ ಸೀಳು ಬಾಯಿ ಬಿಟ್ಟಿತು. ಹೊಸ ಪೈಪು, ಎರಡು ಕ್ಲಿಪ್. ಮುಗಿಯಿತು. ನೋಡಿದ ಮೇಲೆ ಪಾರದರ್ಶಕ ಪೈಪ್ ತೆಗೆದುಬಿಡಿ, ಅದು ಇಂಜಿನ್ ಬಿಸಿಗೆ ಬಾಳುವುದಿಲ್ಲ. ಡೀಸೆಲ್ ಪೈಪಿನ ಬೋಲ್ಟ್ ಬಿಚ್ಚಿದ ಕಡೆ ತಾಮ್ರದ ವಾಷರ್ ಹೊಸದೇ ಹಾಕಿ.

ಓಡುತ್ತಾ ಓಡುತ್ತಾ ಆಫ್ ಆದರೆ

ಸ್ಟಾರ್ಟ್ ಆಗಿ ಒಂದೆರಡು ನಿಮಿಷಕ್ಕೆ ನಿಂತರೆ ಗಾಳಿಯೇ ಇರುವ ಸಾಧ್ಯತೆ ಜಾಸ್ತಿ. ದಿಣ್ಣೆ ಹತ್ತುವಾಗ, ಲೋಡ್ ಇದ್ದಾಗ ದಮ್ಮು ಕಳೆದುಕೊಂಡು ನಿಂತರೆ ಫಿಲ್ಟರ್ ಕಟ್ಟಿದೆ ಅಥವಾ ಟ್ಯಾಂಕಿನೊಳಗಿನ ಜಾಲರಿ ಕಟ್ಟಿದೆ. ಜೊತೆಗೆ ಕಪ್ಪು ಹೊಗೆ ಇದ್ದರೆ ಏರ್ ಫಿಲ್ಟರ್ ಬಿಚ್ಚಿ ನೋಡಿ, ನಮ್ಮ ಕಡೆ ಮಣ್ಣಿನ ದಾರಿಗೆ ಅದು ಬೇಗ ತುಂಬಿಹೋಗುತ್ತದೆ. ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇದ್ದಾಗ ಮಾತ್ರ ನಿಲ್ಲುತ್ತದೆ ಅಂದರೆ ಟ್ಯಾಂಕಿನೊಳಗೆ ಡೀಸೆಲ್ ಎಳೆಯುವ ಕೊಳವೆಯೇ ತೂತಾಗಿರಬಹುದು.

ಇನ್ನೊಂದಿದೆ, ಪೈಸೆ ಖರ್ಚಿಲ್ಲದ ಪರೀಕ್ಷೆ. ಗಾಡಿ ನಿಂತ ತಕ್ಷಣ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿ. 'ಸುಸ್' ಅಂತ ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂದು, ಆಮೇಲೆ ಗಾಡಿ ಸರಾಗ ಓಡಿದರೆ ಮುಚ್ಚಳದಲ್ಲಿರುವ ಗಾಳಿ ತೂತು ಮಣ್ಣು ಕೂತು ಮುಚ್ಚಿದೆ. ಡೀಸೆಲ್ ಖಾಲಿಯಾದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕಲ್ವಾ, ಬರದಿದ್ದರೆ ಪಂಪ್ ಎಷ್ಟು ಎಳೆದರೂ ಡೀಸೆಲ್ ಬರುವುದಿಲ್ಲ.

ಇಷ್ಟೂ ನೋಡಿ ಎಲ್ಲ ಸರಿ ಇದ್ದು, ಇಂಜಿನ್ ಬಿಸಿಯಾದಾಗ ಮಾತ್ರ ನಿಂತು, ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಆಗುತ್ತಿದ್ದರೆ, ಆಗ ಪಂಪ್ ಅಥವಾ ಸ್ಟಾಪ್ ಸೊಲೆನಾಯ್ಡ್ ಬಗ್ಗೆ ಮಾತಾಡಬಹುದು. ಅದು ಮನೆ ಮುಂದೆ ಮಾಡುವ ಕೆಲಸವಲ್ಲ, ಪಂಪ್ ಪರೀಕ್ಷೆ ಮಾಡುವ ಟೆಸ್ಟ್ ಬೆಂಚ್ ಇರುವ ಕಡೆಗೇ ಕೊಡಿ. ಕೊಡುವಾಗ 'ಸ್ಟಾರ್ಟಿಂಗ್ ಪ್ರಾಬ್ಲಂ' ಅಂತ ಒಂದೇ ಮಾತು ಹೇಳಿ ಬರಬೇಡಿ. ಸೆಲ್ಫ್ ಹೇಗೆ ತಿರುಗುತ್ತದೆ, ಹೊಗೆ ಯಾವ ಬಣ್ಣ, ಪೈಪಿನಲ್ಲಿ ಗುಳ್ಳೆ ಇದೆಯಾ ಇಲ್ಲವಾ, ಎಷ್ಟು ದೂರ ಓಡಿದ ಮೇಲೆ ನಿಲ್ಲುತ್ತದೆ, ಇಷ್ಟನ್ನೂ ಹೇಳಿ. ಮೆಕ್ಯಾನಿಕ್‌ಗೂ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುತ್ತದೆ.